ಅಂಟು ನೀರಾಗಿದೆಯೇ? ಸಿರಿಂಜಿನಲ್ಲಿ ಅಳೆದು ನೋಡಿ

ಬೋರ್ಡೋ ದ್ರಾವಣಕ್ಕೆ ಬೆರೆಸಲು ತಂದ ಎರಡು ಡಬ್ಬ ಅಂಟಿನಲ್ಲಿ ಒಂದು ಮಂದ, ಇನ್ನೊಂದು ತೆಳು. ಚೀಟಿ ಒಂದೇ, ಬೆಲೆಯೂ ಒಂದೇ. ಮುಂಗಾರಿನ ಗಡಿಬಿಡಿಯಲ್ಲಿ ಎರಡನ್ನೂ ಬಳಸಿಬಿಟ್ಟೆ. ಪುಷ್ಯ ಮಳೆ ಹಿಡಿದ ಮೇಲೆ ನೋಡಿದರೆ ಕೆಳಗಿನ ತೋಟದ ಗೊನೆಗಳಲ್ಲಿ ನೀಲಿ ಲೇಪವೇ ಇಲ್ಲ. ಕೊಳೆ ಹತ್ತಿದ ಎಳೆಯಡಿಕೆ ಮರದ ಬುಡದಲ್ಲಿ ರಾಶಿ. ತೆಳು ಡಬ್ಬವೇ ಕಾರಣವೆಂದು ಅಂಗಡಿಯವರೆದುರು ಸಾಧಿಸಲು ನನ್ನಲ್ಲಿ ಅಳತೆ ಇರಲಿಲ್ಲ.

ದ್ರವ ಹರಿಯುವಾಗ ಅದರೊಳಗೇ ಹುಟ್ಟುವ ತಡೆಗೆ ಸ್ನಿಗ್ಧತೆ ಎಂದು ಹೆಸರು. ಫ್ರಾನ್ಸಿನ ವೈದ್ಯ ಪ್ವಾಸೆಯ್ 1840ರ ಸುಮಾರಿಗೆ ಕಿರುನಾಳಗಳಲ್ಲಿ ನೀರು ಹರಿಸಿ ಇದರ ಲೆಕ್ಕ ಕಂಡುಕೊಂಡರು. ನಾಳದ ರಂಧ್ರ ಅರ್ಧವಾದರೆ ಹರಿವು ಹದಿನಾರನೇ ಒಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದ ಎಲ್ಲ ಪರೀಕ್ಷೆಗೂ ಅದೇ ಸೂಜಿ ಬೇಕು.

10 ಮಿಲಿಲೀಟರಿನ ಹೊಸ ಸಿರಿಂಜಿಗೆ 21ನೇ ನಂಬರಿನ ಸೂಜಿ ಸಿಕ್ಕಿಸಿ, ದೂಡುವ ಕಡ್ಡಿ ತೆಗೆದು, ಗೂಟಕ್ಕೆ ನೆಟ್ಟಗೆ ಕಟ್ಟಿ. ಮೊನೆ ಚುಚ್ಚೀತು, ಮಕ್ಕಳು ಹತ್ತಿರ ಬೇಡ. ಮೊದಲು ಶುದ್ಧ ನೀರು 10ರ ಗೆರೆಯಿಂದ 2ಕ್ಕೆ ಇಳಿಯಲು ಎಷ್ಟು ಸೆಕೆಂಡು ಎಂದು ಬರೆದುಕೊಳ್ಳಿ. ಬಳಿಕ ಒಂದು ಪಾಲು ಅಂಟಿಗೆ ಒಂಬತ್ತು ಪಾಲು ನೀರು ಬೆರೆಸಿ, ಬಟ್ಟೆಯಲ್ಲಿ ಸೋಸಿ ಅದನ್ನೂ ಇಳಿಸಿ. ತಲಾ ಮೂರು ಸಲ. ನೀರಿಗೆ 200, ಅಂಟುನೀರಿಗೆ 300 ಸೆಕೆಂಡು ಹಿಡಿಯಿತೆನ್ನಿ. ಅದು ನೀರಿನ ಒಂದೂವರೆ ಪಟ್ಟು. 25 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ನೀರಿನ ಸ್ನಿಗ್ಧತೆ 0.89 ಸೆಂಟಿಪಾಯ್ಸ್, ಹಾಗಾದರೆ ಇದರದ್ದು ಸುಮಾರು 1.34. ಸಾಂದ್ರತೆಯ ವ್ಯತ್ಯಾಸವನ್ನೂ ಗುಣಿಸಬೇಕೆನ್ನುವುದು ಶಾಸ್ತ್ರ. ಇಷ್ಟು ತೆಳು ಮಾಡಿದ ದ್ರಾವಣಕ್ಕೆ ಬಿಟ್ಟರೂ ನಡೆದೀತು.

ನಾನು ಮೊದಲು ಎಡವಿದ್ದು ಬಿಸಿಯಲ್ಲಿ. ನೀರು ಅಳೆದದ್ದು ಬೆಳಿಗ್ಗೆ, ಅಂಟು ಅಳೆದದ್ದು ಮಟಮಟ ಮಧ್ಯಾಹ್ನ. 20 ಡಿಗ್ರಿಯಲ್ಲಿ 1.0 ಇರುವ ನೀರು 30 ಡಿಗ್ರಿಗೆ 0.8ಕ್ಕೆ ಇಳಿಯುತ್ತದೆ, ಒಳ್ಳೆಯ ಅಂಟೂ ಕಳಪೆಯಾಗಿ ಕಂಡಿತು. ಎರಡನ್ನೂ ಒಂದೇ ಬಕೆಟ್ಟಿನ ನೀರಿನಲ್ಲಿ ಅರ್ಧ ಗಂಟೆ ಇಟ್ಟು ಅಳೆಯಿರಿ. ಬೋರ್ಡೋವನ್ನೇ ಸಿರಿಂಜಿಗೆ ಸುರಿಯಬೇಡಿ, ಅದರ ಕಣ ಸೂಜಿಯನ್ನು ಕಟ್ಟುತ್ತದೆ.

ಮಂದವಾದದ್ದೆಲ್ಲ ಅಂಟುವುದಿಲ್ಲ. ಗೋಂದು ಬೆರೆಸಿ ಮಂದ ಮಾಡಿದರೆ ಸಿರಿಂಜಿಗೂ ಮೋಸವೇ. ಹಾಗಾಗಿ ನಾಲ್ಕು ಹಸಿ ಅಡಿಕೆಯನ್ನು ಅಂಟು ಹಾಕಿದ ಬೋರ್ಡೋದಲ್ಲಿ, ನಾಲ್ಕನ್ನು ಬರೀ ಬೋರ್ಡೋದಲ್ಲಿ ಅದ್ದಿ ಒಣಗಿಸಿ, ಗಿಡಕ್ಕೆ ನೀರುಣಿಸುವ ಜರಡಿ ಡಬ್ಬದಿಂದ ಸುರಿದು ನೋಡಿ.

ಕೆಲಸ ಕೊಟ್ಟ ಡಬ್ಬದಿಂದ ಒಂದು ಸಣ್ಣ ಸೀಸೆ ಎತ್ತಿಟ್ಟು, ತಾರೀಖನ್ನೂ ಸೆಕೆಂಡನ್ನೂ ಅಂಟಿಸಿ. ಹೊಸ ಡಬ್ಬ ಬಂದಾಗ ಮೈಲುತುತ್ತ ತೂಗುವ ಮೊದಲೇ ಎರಡನ್ನೂ ಇಳಿಸಿ ನೋಡಬಹುದು.