ಗಣಿಯ ನೀರಿನಿಂದ ಲೋಹ ತೆಗೆಯುವ ಬ್ಯಾಕ್ಟೀರಿಯಾ: ನಮ್ಮ ಕೆಂಪು ಹಳ್ಳಗಳಿಗೆ ಅನ್ವಯಿಸುವುದೇ?

ಮಳೆಗಾಲದಲ್ಲಿ ಸಂಡೂರಿನ ಗುಡ್ಡಗಳಿಂದ ಇಳಿಯುವ ಹಳ್ಳಗಳು ಕೆಂಪಾಗಿ ಹರಿಯುತ್ತವೆ. ಬ್ಯಾಕ್ಟೀರಿಯಾಗಳ ನೆರವಿನಿಂದ ಗಣಿಯ ನೀರನ್ನು ಶುದ್ಧಗೊಳಿಸಿ ಲೋಹವನ್ನೂ ಮರಳಿ ಪಡೆಯುವ ವಿಧಾನ ಈ ನೀರಿಗೆ ಒದಗುವುದೇ ಎಂಬ ಪ್ರಶ್ನೆ ಸಹಜವಾದುದು. ಉತ್ತರಕ್ಕೆ ಮೊದಲು ಅದಿರಿನ ಗುಣವನ್ನು ತಿಳಿಯಬೇಕು.

ತಾಮ್ರ, ಸತು, ಚಿನ್ನದ ಗಣಿಗಳಲ್ಲಿ ಲೋಹವು ಅನೇಕ ವೇಳೆ ಗಂಧಕದೊಡನೆ ಬೆರೆತಿರುತ್ತದೆ. ಗಣಿ ಅಗೆದಾಗ ಈ ಕಲ್ಲಿಗೆ ಗಾಳಿ, ನೀರು ತಗಲುತ್ತವೆ. ಆಗ ಅಸಿಡಿಥಯೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಕಬ್ಬಿಣ ಮತ್ತು ಗಂಧಕಗಳಿಂದ ಶಕ್ತಿ ಪಡೆದು ಬೆಳೆಯುತ್ತದೆ. ಗಂಧಕಾಮ್ಲ ಉಂಟಾಗಿ ಲೋಹಗಳು ನೀರಿನಲ್ಲಿ ಕರಗುತ್ತವೆ. ಇಂತಹ ನೀರು ನೋಡಲು ತಿಳಿಯಾಗಿದ್ದರೂ ಬೆಳೆಗೆ, ಜಾನುವಾರುಗಳಿಗೆ ಅಪಾಯಕಾರಿ.

ಕರಗಿದ ಲೋಹವನ್ನು ಹಿಡಿಯುವುದು ಬೇರೊಂದು ಬಗೆಯ ಬ್ಯಾಕ್ಟೀರಿಯಾ. ಗಾಳಿಯಾಡದ ತೊಟ್ಟಿಯಲ್ಲಿ ಸಾವಯವ ಪದಾರ್ಥವನ್ನು ಆಹಾರವಾಗಿ ಕೊಟ್ಟರೆ ಅದು ನೀರಿನ ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡ್ ಅನಿಲವಾಗಿ ಮಾರ್ಪಡಿಸುತ್ತದೆ. ಈ ಅನಿಲ ಲೋಹದೊಡನೆ ಕೂಡಿದಾಗ ಲೋಹ ಕೆಸರಾಗಿ ತಳ ಸೇರುತ್ತದೆ. ತೀವ್ರ ಆಮ್ಲದಲ್ಲಿಯೇ ತಾಮ್ರ ಇಳಿಯುತ್ತದೆ; ಆಮ್ಲತೆ ತಗ್ಗಿದಂತೆ ಸತು, ಕೊನೆಗೆ ಕಬ್ಬಿಣ. ಹೀಗೆ ಒಂದೊಂದನ್ನೂ ಪ್ರತ್ಯೇಕಿಸಲು ಸಾಧ್ಯ. ನೆದರ್ಲೆಂಡ್ಸ್‌ನ ಬುಡೆಲ್ ಸತು ಕಾರ್ಖಾನೆಯಲ್ಲಿ 1992ರಿಂದ ಕಲುಷಿತ ಅಂತರ್ಜಲಕ್ಕೆ ಈ ವಿಧಾನವನ್ನು ಅಳವಡಿಸಿ, ದೊರೆತ ಸತುವನ್ನು ಕಾರ್ಖಾನೆಗೇ ಮರಳಿಸಲಾಯಿತು. ಆದರೆ ಕೊಳೆತ ಮೊಟ್ಟೆಯಂತೆ ನಾರುವ ಈ ಅನಿಲ ವಿಷಕಾರಿ. ನುರಿತ ಸಿಬ್ಬಂದಿಯಿಲ್ಲದೆ ನಡೆಸುವ ಕೆಲಸವಿದಲ್ಲ.

ಕರ್ನಾಟಕಕ್ಕೆ ಈ ವಿಷಯ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಕೆ.ಎ. ನಟರಾಜನ್ ಅವರು ಹಟ್ಟಿ ಚಿನ್ನದ ಗಣಿಯೊಂದಿಗೆ ಬ್ಯಾಕ್ಟೀರಿಯಾ ಬಳಕೆಯ ಬಗ್ಗೆ ದೀರ್ಘಕಾಲ ಸಂಶೋಧನೆ ನಡೆಸಿದ್ದಾರೆ. ಚಿತ್ರದುರ್ಗದ ಬಳಿಯ ಇಂಗಳದಾಳ್ ತಾಮ್ರದ ಗಣಿಯ ಅದಿರು ಕೂಡ ಗಂಧಕಯುಕ್ತವೇ.

ಬಳ್ಳಾರಿಯ ಸ್ಥಿತಿ ಬೇರೆ. ಇಲ್ಲಿನ ಹೆಮಟೈಟ್ ಆಮ್ಲಜನಕದೊಡನೆ ಕೂಡಿದ ಕಬ್ಬಿಣದ ಅದಿರು, ಗಂಧಕ ಅತ್ಯಲ್ಪ. ಹಳ್ಳದ ಕೆಂಪಿಗೆ ಕಾರಣ ತೇಲುವ ನುಣ್ಣನೆಯ ಅದಿರಿನ ಧೂಳು ಮತ್ತು ಮಣ್ಣು. ಕರಗದ ಲೋಹಕ್ಕೆ ಬ್ಯಾಕ್ಟೀರಿಯಾ ಸುರಿಯುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಹೂಳು ತಡೆಯುವ ಹೊಂಡ, ಚೆಕ್ ಡ್ಯಾಂ, ಗಣಿತ್ಯಾಜ್ಯದ ರಾಶಿಯ ಬುಡಕ್ಕೆ ತಡೆಗೋಡೆ ಹಾಗೂ ಇಳಿಜಾರಿನಲ್ಲಿ ಹುಲ್ಲು, ಗಿಡಗಳೇ ಇದಕ್ಕೆ ಪರಿಹಾರ. ಹೊಂಡದ ಹೂಳನ್ನು ಪ್ರತಿ ಮಳೆಗಾಲಕ್ಕೆ ಮುನ್ನ ತೆಗೆಯದಿದ್ದರೆ ಅದು ಇದ್ದೂ ಇಲ್ಲದಂತೆ.

ಆದುದರಿಂದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಗೆ ಪ್ರಸ್ತಾವನೆ ಸಲ್ಲಿಸುವ ಮುನ್ನ ಗ್ರಾಮ ಪಂಚಾಯಿತಿಗಳು ಹಳ್ಳದ ನೀರನ್ನು ಗಾಜಿನ ಬಾಟಲಿಯಲ್ಲಿ ಒಂದು ದಿನ ಅಲುಗಿಸದೆ ಇಡತಕ್ಕದ್ದು. ಕೆಂಪು ತಳಕ್ಕಿಳಿದರೆ ಅದು ಹೂಳು. ಕ್ಷೇತ್ರ ಪರೀಕ್ಷಾ ಕಿಟ್‌ನಲ್ಲಿ ಪಿಎಚ್ ಅನ್ನೂ ನೋಡತಕ್ಕದ್ದು. ಅದು 5ಕ್ಕಿಂತ ಕಡಿಮೆ ಬಂದಲ್ಲಿ ಅಥವಾ ಕಲ್ಲುಗಳ ಮೇಲೆ ಹಳದಿ, ನೀಲಿ-ಹಸಿರು ಲೇಪ ಕಂಡಲ್ಲಿ ಮಾದರಿಯನ್ನು ವಿಳಂಬವಿಲ್ಲದೆ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕಳುಹಿಸತಕ್ಕದ್ದು. ಬಾಟಲಿಯಲ್ಲಿ ತಿಳಿಯಾದ ನೀರು ಕುಡಿಯಲು ಯೋಗ್ಯವೆಂದು ಭಾವಿಸಬಾರದು. ಅದಕ್ಕೆ ಪ್ರಯೋಗಾಲಯದ ವರದಿಯೇ ಆಧಾರ.