ಆರು ಗುಂಟೆ ಬೆಳ್ಳಿ

ನಂಜನಗೂಡಿನ ಸ್ನಾನಘಟ್ಟದಲ್ಲಿ ಮುಡಿ ಕೊಟ್ಟು ಮುಳುಗೆದ್ದವರು ಉಟ್ಟ ಬಟ್ಟೆಯನ್ನು ಕಪಿಲೆಗೇ ಬಿಡುತ್ತಾರೆ. ಅದೇ ನೀರನ್ನು ಬೊಗಸೆಯಲ್ಲೆತ್ತಿ ತೀರ್ಥವೆಂದು ಕುಡಿಯುತ್ತಾರೆ. ನಂಜನ್ನು ಉಂಡವನ ಊರಿದು; ಟಿಪ್ಪು ‘ಹಕೀಂ ನಂಜುಂಡ’ ಎಂದು ಕರೆದನೆಂದು ಜನ ಇಂದಿಗೂ ಹೇಳುವ ವೈದ್ಯದೇವರ ಊರು. ಆದರೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ರಾಜ್ಯದ 17 ಕಲುಷಿತ ನದಿಪಾತ್ರಗಳನ್ನು ಹೆಸರಿಸಿದಾಗ ಅದರಲ್ಲಿ ಕಪಿಲೆಯೆಂಬ ಈ ಕಬಿನಿಯೂ ಇದ್ದಳು, ಕಾವೇರಿಯೂ ಇದ್ದಳು. ಇಬ್ಬರೂ ಕೂಡುವುದು ತಿ. ನರಸೀಪುರದಲ್ಲಿ. 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುವ ಸಂಗಮ ಅದು.

ಕಸ ಕಂಡರೆ ಸೋಸಬಹುದು, ಕ್ರಿಮಿಯಿದ್ದರೆ ಕುದಿಸಬಹುದು. ಗದ್ದೆ ತೋಟಗಳಿಂದ ಇಳಿದು ಬರುವ ಕೀಟನಾಶಕ ಸೋಸುಬಟ್ಟೆಗೂ ಒಲೆಗೂ ಜಗ್ಗುವುದಿಲ್ಲ. ನ್ಯಾನೊ ತಂತ್ರಜ್ಞಾನ ನಮ್ಮ ಅಡುಗೆಮನೆಗೆ ಬಂದದ್ದೇ ಈ ನಂಜಿನ ಬೆನ್ನುಹತ್ತಿ.

ಗಡಿನಾಡು ಕಾಸರಗೋಡಿನ ಗೇರುತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು. ಎಣ್ಮಕಜೆ, ಪಡ್ರೆ ಕಡೆಯ ತೊರೆಗಳು ಹುಟ್ಟುವುದು ಆ ಗುಡ್ಡಗಳಲ್ಲೇ. ಅಲ್ಲಿನ ಮನೆಮನೆಯ ಕಾಯಿಲೆಯನ್ನು ಹೊರಜಗತ್ತಿಗೆ ತಿಳಿಸಿದವರು ಡಾ. ವೈ.ಎಸ್. ಮೋಹನ ಕುಮಾರ್, ಪತ್ರಕರ್ತ ಶ್ರೀ ಪಡ್ರೆ. ಸಿಂಪಡಣೆ ನಿಂತದ್ದು 2000ದ ಕೊನೆಗೆ. 2003ರಲ್ಲಿ ಬಾಟಲಿ ನೀರಿನಲ್ಲೂ ಕೀಟನಾಶಕವಿದೆಯೆಂದು ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ (ಸಿಎಸ್‌ಇ) ಬಯಲು ಮಾಡಿತು. ಅದೇ ವರ್ಷ ಮದ್ರಾಸ್ ಐಐಟಿಯ ಟಿ. ಪ್ರದೀಪ್ ಅವರ ತಂಡ ಚಿನ್ನ ಬೆಳ್ಳಿಯ ನ್ಯಾನೊ ಕಣಗಳಿಂದ ನೀರಿನ ಎಂಡೋಸಲ್ಫಾನನ್ನು ಹಿಡಿಯಬಹುದೆಂದು ತೋರಿಸಿತು. ಪ್ರದೀಪ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ ಅವರ ಬಳಿ ಕಲಿತವರು.

ಬೆಳ್ಳಿಯೇನೂ ನಮಗೆ ಹೊಸತಲ್ಲ, ಕೂಸಿಗೆ ಹಾಲು ಹಾಕುವ ಒಳಲೆ ಬೆಳ್ಳಿಯದೇ. ಆದರೆ ಒಳಲೆಯ ಬೆಳ್ಳಿಗೂ ನ್ಯಾನೊ ಬೆಳ್ಳಿಗೂ ಅಜಗಜಾಂತರ. ಒಂದು ಸೆಂಟಿಮೀಟರ್ ಉದ್ದಗಲದ ಬೆಳ್ಳಿಯ ಘನ ತೂಗುವುದು ಸುಮಾರು 10.5 ಗ್ರಾಂ, ಅದರ ಆರೂ ಮೈ ಸೇರಿದರೆ 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೊಮೀಟರಿನ ತುಣುಕುಗಳಾಗಿ ಕತ್ತರಿಸಿದೆವೆನ್ನಿ, ಮೈ 600 ಚದರ ಮೀಟರಿಗೆ ಹಿಗ್ಗುತ್ತದೆ. ನಮ್ಮ ರೈತರ ಲೆಕ್ಕದಲ್ಲಿ ಹತ್ತಿರ ಹತ್ತಿರ ಆರು ಗುಂಟೆ! ಅಷ್ಟು ಹೊಲದಗಲ ಹರಡಿದ ಬೆಳ್ಳಿಗೆ ನೀರಿನಲ್ಲಿರುವ ಕೀಟನಾಶಕ ಅಂಟಿಕೊಳ್ಳುತ್ತದೆ. ಕ್ಲೋರಿನ್ ಕಟ್ಟಿಕೊಂಡಿರುವ ಕೆಲವು ವಿಷಗಳನ್ನಂತೂ ಬೆಳ್ಳಿ ಮುರಿದೇ ಹಾಕುತ್ತದೆ: ಕ್ಲೋರಿನ್ ಬೆಳ್ಳಿಯ ಪಾಲಿಗೆ, ಉಳಿದದ್ದು ಇಂಗಾಲ. ಕಣಗಳು ನೀರಿನ ಜೊತೆ ಹರಿದುಹೋಗದಂತೆ ಅವನ್ನು ಅಲ್ಯುಮಿನಾದ ಮೇಲೆ ಕೂರಿಸಿದರು. 2007ರಲ್ಲಿ ಯುರೇಕಾ ಫೋರ್ಬ್ಸ್ ಇದನ್ನು ಮಾರುಕಟ್ಟೆಗೆ ತಂದಿತು.

ನರಸೀಪುರದ ಭತ್ತದ ಸೀಮೆಗೆ ಇನ್ನೂ ಹತ್ತಿರದ್ದು 2009ರ ಡಿಸೆಂಬರಿನಲ್ಲಿ ಬಂದ ಟಾಟಾ ಸ್ವಚ್ಛ್. ಅಕ್ಕಿ ಗಿರಣಿಯ ಹೊಟ್ಟನ್ನು ಸುಟ್ಟ ಬೂದಿಗೆ ಬೆಳ್ಳಿಯ ನ್ಯಾನೊ ಕಣ ಹಚ್ಚಿ ಮಾಡಿದ ಫಿಲ್ಟರ್. ಕರೆಂಟು ಬೇಡ, ನಲ್ಲಿ ಬೇಡ. ಆಗ ಬೆಲೆ 749 ರೂಪಾಯಿಯಿಂದ ಶುರುವಾಗುತ್ತಿತ್ತು. ಗಿರಣಿಯ ಹಿಂದೆ ಗುಡ್ಡೆ ಬೀಳುವ ಹೊಟ್ಟಿಗೆ ಇಂಥ ಯೋಗ ಬಂದದ್ದು ನನಗೆ ನಿಜಕ್ಕೂ ಖುಷಿ ಕೊಟ್ಟ ಸಂಗತಿ. ಆದರೆ ಈ ಬೆಳ್ಳಿ ಕೊಲ್ಲುವುದು ರೋಗಾಣುಗಳನ್ನು, ಅದೂ ಸುಮಾರು 3,000 ಲೀಟರಿನವರೆಗೆ. ಆಮೇಲೆ ಒಳಗಿನ ಕಾರ್ಟ್ರಿಜ್ ಬದಲಿಸಬೇಕು.

ಕೊಡಕ್ಕೆ ಒಪ್ಪುವುದು ಹೊಳೆಗೆ ಒಪ್ಪುವುದಿಲ್ಲ. ಕಬಿನಿಗೆ ಬೆಳ್ಳಿ ಸುರಿಯಲಾಗದು. ಕುಡಿಯುವ ನೀರಿನಲ್ಲಿ ಬೆಳ್ಳಿ ಲೀಟರಿಗೆ 0.1 ಮಿಲಿಗ್ರಾಂ ದಾಟಬಾರದು. ಊರ ಚರಂಡಿಯನ್ನೂ ಕಾರ್ಖಾನೆಯ ನೀರನ್ನೂ ಹೊಳೆಗೆ ಬೀಳುವ ಮುಂಚೆಯೇ ಶುದ್ಧ ಮಾಡಬೇಕು, ಅದಕ್ಕೆ ಯಾವ ಫಿಲ್ಟರೂ ಬದಲಿಯಲ್ಲ. ನಾಟಿಗೆ ಇಳಿದ ಹೆಣ್ಣುಮಕ್ಕಳು ಮನೆಯಿಂದ ತಂದ ಬಾಟಲಿ ಮಟಮಟ ಮಧ್ಯಾಹ್ನಕ್ಕೇ ಬರಿದಾಗುತ್ತದೆ. ಆಮೇಲೆ ಅವರು ಬೊಗಸೆಯೊಡ್ಡುವುದು ನಾಲೆಗೇ.