ಗಿರಾಕಿಗಳಾದ ಮೇಲೆ ಬಂದ ಸಿಟ್ಟು

ಹನುಮಂತನಗರದ 50 ಅಡಿ ರಸ್ತೆಯ ಯಾವುದಾದರೂ ದರ್ಶಿನಿಯಲ್ಲಿ ಬೈಟು ಕಾಫಿ ಹಿಡಿದು ನಿಂತ ನಲವತ್ತರ ಆಸುಪಾಸಿನವರ ಮುಂದೆ ‘ಕಾಂಟ್ರಾ’ ಎಂದು ನೋಡಿ. ಕಾಫಿ ಆರಿದರೂ ಮಾತು ಆರುವುದಿಲ್ಲ. ಕೊನೆಗೆ ಅದು ಬಂದು ನಿಲ್ಲುವುದು ಒಂದೇ ದೂರಿಗೆ: ಈಗಿನ ಗೇಮ್‌ಗಳಿರುವುದೇ ದುಡ್ಡು ಕೀಳೋಕೆ.

ದೂರಿನಲ್ಲಿ ಹುರುಳಿದೆ. ಆದರೆ ‘ಆಗಿನ’ ಗೇಮ್‌ಗಳು ನಮಗೆ ಸಿಕ್ಕ ಬಗೆ ಸ್ವಲ್ಪ ಮುಜುಗರದ್ದು. ಜಪಾನಿನ ನಿಂಟೆಂಡೊ 1983ರ ಜುಲೈನಲ್ಲಿ ಫ್ಯಾಮಿಕಾಮ್ ಎಂಬ ಪೆಟ್ಟಿಗೆಯನ್ನು ಮಾರುಕಟ್ಟೆಗೆ ಬಿಟ್ಟಿತು. ತೊಂಬತ್ತರ ದಶಕದಲ್ಲಿ ನಮ್ಮ ಮನೆಗಳಿಗೆ ಬಂದದ್ದು ಅದರ ನಕಲುಗಳು. ನಾವು ಕರೆದದ್ದು ಟಿ.ವಿ. ಗೇಮ್ ಎಂದು. ಆಂಟೆನಾ ಕಿತ್ತು ವೈರ್ ಸಿಕ್ಕಿಸಿ, ಚಾನೆಲ್ ಟ್ಯೂನ್ ಮಾಡಿ, ಹಳದಿ ಕ್ಯಾಸೆಟ್ಟಿನ ಬಾಯಿಗೆ ಒಮ್ಮೆ ಉಫ್ ಎಂದು ಊದಿ ತುರುಕಿದರೆ ಆಟ ಶುರು. ಕಾಂಟ್ರಾದಲ್ಲಿ ಇದ್ದದ್ದು ಮೂರೇ ಲೈಫ್. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ ಎಂಬ ಮಂತ್ರ ಗೊತ್ತಿದ್ದವನಿಗೆ ಮೂವತ್ತು. ಆ ಮಂತ್ರ ಬಲ್ಲ ಹುಡುಗನಿಗೆ ಬೇಸಿಗೆ ರಜೆ ಪೂರ್ತಿ ಬೀದಿಯಲ್ಲೆಲ್ಲ ಮರ್ಯಾದೆ. ಕೊನೆಯ ಸ್ಟೇಜಿನಲ್ಲಿ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ. ಇನ್ನು ಆ ಕ್ಯಾಸೆಟ್ಟಿನ ಮೇಲೆ ‘9999999 ಇನ್ 1’ ಎಂದು ಅಚ್ಚಾಗಿರುತ್ತಿತ್ತು. ಒಳಗಿದ್ದದ್ದು ಬೆರಳೆಣಿಕೆಯ ಆಟಗಳು. ಅವೇ ಬೇರೆ ಬೇರೆ ಹೆಸರು ಹೊತ್ತು ಪಟ್ಟಿಯುದ್ದಕ್ಕೂ ಬರುತ್ತಿದ್ದವು. ಮೋಸ ಆಗಲೂ ಇತ್ತು, ಒಂದೇ ಸಲಕ್ಕೆ ಮುಗಿಯುತ್ತಿತ್ತು ಅಷ್ಟೆ.

ಆಮೇಲೆ ಕಂಪ್ಯೂಟರ್ ಬಂತು. ಡೇಂಜರಸ್ ಡೇವ್, ರೋಡ್ ರ‍್ಯಾಶ್, ಸೈಬರ್ ಕೆಫೆಗಳಲ್ಲಿ ಕೌಂಟರ್ ಸ್ಟ್ರೈಕ್. 2002ರ ವೈಸ್ ಸಿಟಿ ಅನೇಕರಿಗೆ ಸಿಕ್ಕಿದ್ದು ಮೆಜೆಸ್ಟಿಕ್ ಕಡೆಯ ನ್ಯಾಷನಲ್ ಮಾರ್ಕೆಟ್ಟಿನ ಕಾಪಿ ಸಿ.ಡಿ.ಯಲ್ಲಿ. ಮಾಡಿದ ಕಂಪನಿಗೆ ಅದರಿಂದ ನಯಾಪೈಸೆ ಹೋಗಲಿಲ್ಲ. ಹನುಮಂತನಗರ ಎಂಬ ಊರಿದೆ ಎಂಬುದೂ ಅವರಿಗೆ ಗೊತ್ತಿರಲಿಕ್ಕಿಲ್ಲ. ಇಂದು ನಾವು ನೆನೆದು ನಿಟ್ಟುಸಿರಿಡುವ ಕಾಲ, ಕಂಪನಿಯ ಕೈ ನಮ್ಮನ್ನು ಮುಟ್ಟದಿದ್ದ ಕಾಲ. ನಮ್ಮ ಪ್ರೀತಿಗೆ ಬಿಲ್ಲೇ ಇರಲಿಲ್ಲ.

ಅತ್ತ ಬಿಲ್ ಮಾಡುವ ಕಲೆ ಬೆಳೆಯುತ್ತಿತ್ತು. 2006ರಲ್ಲಿ ಅಮೆರಿಕದ ಬೆಥೆಸ್ಡಾ ಕಂಪನಿ ‘ಆಬ್ಲಿವಿಯನ್’ ಆಟದ ಕುದುರೆಗೆ ಒಂದು ಕವಚ ಮಾಡಿ ಎರಡೂವರೆ ಡಾಲರಿಗೆ ಮಾರಿತು. ಜನ ನಕ್ಕರು, ಕೊಂಡರು ಕೂಡ. 2017ರ ‘ಬ್ಯಾಟಲ್‌ಫ್ರಂಟ್ 2’ ಹೊತ್ತಿಗೆ, ಒಳಗೇನಿದೆ ಎಂದು ತಿಳಿಯದ ಲೂಟ್ ಬಾಕ್ಸ್‌ಗಳು ಬಂದಿದ್ದವು. ಇದು ಜೂಜೇ ಸರಿ ಎಂದು ಬೆಲ್ಜಿಯಂ 2018ರಲ್ಲಿ ಹೇಳಿತು. ಅದೇ ವರ್ಷಗಳಲ್ಲಿ ನಮ್ಮಲ್ಲಿ ಅಗ್ಗದ ಡೇಟಾ, ಸ್ಮಾರ್ಟ್‌ಫೋನ್, ಯುಪಿಐ ಒಟ್ಟಿಗೇ ಬಂದವು. ನಾವು ಮೊದಲ ಬಾರಿಗೆ ಗಿರಾಕಿಗಳಾದೆವು. ಆಟದ ಸ್ವಿಚ್ ನಮ್ಮ ಮನೆಯಲ್ಲಿಲ್ಲ ಎಂಬುದೂ ಬೇಗ ತಿಳಿಯಿತು: 2020ರ ಸೆಪ್ಟೆಂಬರ್ 2ರಂದು ಸರ್ಕಾರ ಪಬ್‌ಜಿ ನಿಷೇಧಿಸಿತು, ಅಕ್ಟೋಬರ್ 30ಕ್ಕೆ ಇಲ್ಲಿನವರಿಗೆ ಸರ್ವರ್ ಬಂದ್ ಆಯಿತು. ಅಲ್ಲಿ ಕೈ ಸರ್ಕಾರದ್ದು, ಕಂಪನಿಯದಲ್ಲ. ಆಡುವವನಿಗೆ ವ್ಯತ್ಯಾಸವೇನೂ ಕಾಣಲಿಲ್ಲ.

ಈ ಕಥೆಯಲ್ಲಿ ಬೆಂಗಳೂರು ಬರೀ ಆಡುವ ಕಡೆ ಕೂತಿಲ್ಲ. ರಾಜೇಶ್ ರಾವ್ 1997ರಲ್ಲಿ ಇಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್ ದೇಶದ ಮೊದಮೊದಲ ಗೇಮ್ ಕಂಪನಿಗಳಲ್ಲೊಂದು. ಅದು 2017ರಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಪಾಲಾಯಿತು. 2019ರಲ್ಲಿ ಸ್ಟಾರ್‌ಬ್ರೀಜ್ ತನ್ನ ಪಾಲನ್ನು 79 ಲಕ್ಷ ಡಾಲರಿಗೆ ರಾಕ್‌ಸ್ಟಾರ್‌ಗೆ ಮಾರಿತು. ಹೌದು, ಅದೇ ವೈಸ್ ಸಿಟಿಯ ರಾಕ್‌ಸ್ಟಾರ್.

ಹಳೆಯ ನೆನಪಿಗೂ ಬೆಲೆಚೀಟಿ ಅಂಟಿಸಬಹುದು ಎಂದು ತೋರಿಸಿಕೊಟ್ಟದ್ದೂ ರಾಕ್‌ಸ್ಟಾರೇ. 2021ರ ನವೆಂಬರ್‌ನಲ್ಲಿ ವೈಸ್ ಸಿಟಿಯೂ ಸೇರಿ ಮೂರು ಹಳೆಯ ಆಟಗಳಿಗೆ ಹೊಸ ಬಣ್ಣ ಬಳಿದು ಮಾರಾಟಕ್ಕಿಟ್ಟಿತು. ಅದಕ್ಕೆ ಮುಂಚೆಯೇ ಅಸಲಿ ಆಟಗಳನ್ನು ಆನ್‌ಲೈನ್ ಅಂಗಡಿಗಳಿಂದ ತೆಗೆಸಿತ್ತು. ಹೊಸದರಲ್ಲಿ ಮುಖಗಳು ವಿಕಾರ, ಮಳೆ ಸುರಿದರೆ ದಾರಿಯೇ ಕಾಣದು, ಹೆಜ್ಜೆಗೊಂದು ದೋಷ. ಜನ ರೇಗಿದ ಮೇಲೆ ಕಂಪನಿ ಕ್ಷಮೆ ಕೇಳಿ, ಹಳೆಯವನ್ನು ಕಂಪ್ಯೂಟರ್ ಆಟಗಾರರಿಗೆ ಮತ್ತೆ ಕೊಟ್ಟಿತು. ನ್ಯಾಷನಲ್ ಮಾರ್ಕೆಟ್ಟಿನ ಸಿ.ಡಿ. ಇಟ್ಟುಕೊಂಡವನಿಗೆ ಈ ಗಲಾಟೆಯ ಬಿಸಿಯೇ ತಟ್ಟಲಿಲ್ಲ. ನ್ಯಾಯವಾಗಿ ಕೊಂಡವನೇ ಪೆಚ್ಚಾಗುವ ಏರ್ಪಾಡು ಇದು. ನನ್ನ ತಕರಾರು ಇರುವುದೂ ಇಲ್ಲೇ.

2014ರಲ್ಲಿ ಬಂದ ‘ದಿ ಕ್ರೂ’ ಎಂಬ ಕಾರ್ ಓಟದ ಆಟವನ್ನು ಫ್ರಾನ್ಸಿನ ಯೂಬಿಸಾಫ್ಟ್ 2024ರ ಮಾರ್ಚ್ 31ಕ್ಕೆ ನಿಲ್ಲಿಸಿದಾಗ, ಒಬ್ಬರೇ ಕೂತು ಆಡುವಂತೆಯೂ ಉಳಿಯಲಿಲ್ಲ. ರಾಸ್ ಸ್ಕಾಟ್ ಎಂಬವರು ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿ ಹೂಡಿದರು. 2025ರ ಜುಲೈ ಹೊತ್ತಿಗೆ ಐರೋಪ್ಯ ಒಕ್ಕೂಟದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಸಹಿಯ ಹಕ್ಕು ಅಲ್ಲಿನ ಪ್ರಜೆಗಳಿಗಷ್ಟೇ. ನಮ್ಮಲ್ಲಿ ಮರುತಿಂಗಳೇ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂತು, ಹಣ ಒಡ್ಡಿ ಆಡುವ ಆಟಗಳಿಗೆ ಬೀಗ ಹಾಕಿತು. ಹಣ ಕೊಟ್ಟು ಕೊಂಡ ಆಟವನ್ನು ಕಂಪನಿ ನಿಲ್ಲಿಸಿಬಿಟ್ಟರೆ ಕೊಂಡವನು ಯಾರ ಬಳಿ ಹೋಗಬೇಕು ಎಂಬುದರ ಬಗ್ಗೆ ಅದರಲ್ಲಿ ಮಾತಿಲ್ಲ.